ಮ್ಯಾಟಿನಾಚೆಯ ಎಂಟನೆಯವನು



2019ರ ಅಕ್ಟೋಬರ್ 19ರ ರಾತ್ರಿ ಅಹಮದಾಬಾದಿನಲ್ಲಿ ಪ್ರೊ ಕಬಡ್ಡಿಯ ಏಳನೇ ಸೀಸನ್ನಿನ ಫೈನಲ್ ಇತ್ತು. ಒಂದು ಕಡೆ ದಬಂಗ್ ದೆಹಲಿ, ಇನ್ನೊಂದು ಕಡೆ ಬೆಂಗಾಲ್ ವಾರಿಯರ್ಸ್. ಬೆಂಗಾಲಿನ ನಾಯಕ ಮಣಿಂದರ್ ಸಿಂಗ್ ಆ ತಂಡದ ಬಲಗೈ. ಸೀಸನ್ ಪೂರ್ತಿ ಹೆಚ್ಚಾಗಿ ಅವರ ರೈಡಿನ ಮೇಲೇ ತಂಡ ನಿಂತಿತ್ತು. ಫೈನಲ್ಲಿಗೆ ಅವರಿಲ್ಲ, ಗಾಯವಾಗಿ ಹೊರಗೆ ಕೂತಿದ್ದರು. ದೆಹಲಿಯ ಕಡೆ ನವೀನ್ ಕುಮಾರ್ ಎಂಬ ಹತ್ತೊಂಬತ್ತರ ಹುಡುಗ. ಆ ವರ್ಷ ಪಂದ್ಯ ಪಂದ್ಯಕ್ಕೂ ಹತ್ತು ಅಂಕ ಎತ್ತಿಕೊಂಡೇ ಮನೆಗೆ ಹೋಗುತ್ತಿದ್ದವನು. ಆಟ ಶುರುವಾದ ಕೂಡಲೇ ದೆಹಲಿ ನುಗ್ಗಿತು, ಬೆಂಗಾಲ್ ಆಲ್‌ಔಟ್ ಆಯಿತು. ನಾಯಕನಿಲ್ಲದ ತಂಡ, ಇನ್ನು ಇವತ್ತಿನ ಕತೆ ಇಷ್ಟೇ ಅಂತ ಟೀವಿ ಮುಂದೆ ಕೂತವರೆಲ್ಲ ತೀರ್ಮಾನ ಮಾಡಿಬಿಟ್ಟರು.

ವಿರಾಮದ ಹೊತ್ತಿಗೆ ಅಂಕ 17–17. ಮುಗಿಯುವಾಗ ಬೆಂಗಾಲ್ 39, ದೆಹಲಿ 34. ನವೀನ್ ಅವತ್ತೂ 18 ಅಂಕ ತಂದ. ಆದರೂ ಸೋತರು. ಬೆಂಗಾಲಿನ ಕಡೆ ಇರಾನಿನ ಮೊಹಮ್ಮದ್ ನಬಿಬಕ್ಷ್ 10, ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ 8, ಉಳಿದವರು ಅಷ್ಟಿಷ್ಟು ಹಂಚಿಕೊಂಡು ಗಳಿಸಿದ್ದರು. ಕ್ಯಾಮೆರಾ ಕುಣಿಯುವವರನ್ನು ತೋರಿಸಿತು, ಅಳುವವರನ್ನು ತೋರಿಸಿತು, ಕಪ್ಪನ್ನಂತೂ ಬೇಕಾದಷ್ಟು ಸಲ ತೋರಿಸಿತು. ಮ್ಯಾಟಿನ ಅಂಚಿನಲ್ಲಿ ನಿಂತಿದ್ದ ಒಬ್ಬ ಕನ್ನಡಿಗನ ಮೇಲೆ ಅದು ನಿಂತದ್ದು ಕಡಿಮೆ. ಅವರ ಹೆಸರು ಬಿ.ಸಿ. ರಮೇಶ್. ಬೆಂಗಾಲ್ ವಾರಿಯರ್ಸಿನ ಕೋಚ್.

ಈವತ್ತು ನಾನು ಮಾತಾಡಬೇಕೆಂದಿರುವುದು ಈ ಅಂಚಿನಲ್ಲಿ ನಿಲ್ಲುವವರ ಬದುಕಿನ ಬಗ್ಗೆ.

ನಮ್ಮ ಅರಕಲಗೂಡು ತಾಲ್ಲೂಕಿಗೆ ಕಬಡ್ಡಿ ಹೊಸತಲ್ಲ. ಕೊಣನೂರು, ರಾಮನಾಥಪುರ, ದೊಡ್ಡಮಗ್ಗೆ, ಮಲ್ಲಿಪಟ್ಟಣ, ಯಾವ ಹೋಬಳಿಗೆ ಹೋದರೂ ಕಟಾವು ಮುಗಿದ ಮೇಲೆ ಹೊನಲು ಬೆಳಕಿನ ಕಬಡ್ಡಿಯ ಬ್ಯಾನರು ಕಟ್ಟಿರುತ್ತಾರೆ. ಶಾಲೆಯ ಮೈದಾನದಲ್ಲಿ ಮಣ್ಣು ಹದ ಮಾಡಿ, ಕಲ್ಲು ಆರಿಸಿ, ನೀರು ಚಿಮುಕಿಸಿ, ಸುಣ್ಣದಲ್ಲಿ ಗೆರೆ ಎಳೆದು, ನಾಲ್ಕು ಕಂಬಕ್ಕೆ ದೀಪ ಕಟ್ಟಿದರೆ ಅಂಕಣ ತಯಾರು. ಮೈಕಿನಲ್ಲಿ ಒಬ್ಬರು ಎರಡೂ ತಂಡದವರನ್ನು ಹುರಿದುಂಬಿಸುತ್ತಾ ನಡುನಡುವೆ ದಾನಿಗಳ ಹೆಸರು ಓದುತ್ತಿರುತ್ತಾರೆ. ಅಲ್ಲಿ ಕೋಚ್ ಅಂತ ಯಾರೂ ಇರುವುದಿಲ್ಲ. ಇರುವುದು ಹತ್ತಾರು ಮಂದಿ! ಗೆರೆಯಾಚೆ ಕುಕ್ಕರುಗಾಲಲ್ಲಿ ಕೂತ ಅಣ್ಣಂದಿರು, ಮಾವಂದಿರು, ಒಂದು ಕಾಲದಲ್ಲಿ ಆಡುತ್ತಿದ್ದವರು, ಎಂದೂ ಆಡದವರು, ಎಲ್ಲರೂ ಒಟ್ಟಿಗೆ ಕೂಗುತ್ತಾರೆ. "ಕಾಲು ಹಿಡ್ಕಳೋ," "ಬೋನಸ್ ತಗಂಡು ಬಾರ್ಲಾ," "ಈಗ ಹಿಡೀಬ್ಯಾಡ, ಬುಡು, ಬುಡು." ಹುಡುಗ ಯಾರ ಮಾತು ಕೇಳಬೇಕು? ಕೊನೆಗೆ ಯಾರ ಮಾತನ್ನೂ ಕೇಳದೆ ತನಗೆ ತೋಚಿದ್ದು ಮಾಡುತ್ತಾನೆ. ಗೆದ್ದರೆ ಕೂಗಿದವರೆಲ್ಲ ಗೆದ್ದಂತೆ. ಸೋತರೆ ಹುಡುಗನಿಗೆ ಬೈಗುಳ.

ಹಾಗೆ ಕೂಗುವುದಕ್ಕೂ ಕೋಚ್ ಮಾಡುವ ಕೆಲಸಕ್ಕೂ ಏನು ವ್ಯತ್ಯಾಸ ಅಂತ ತಿಳಿಯಬೇಕಾದರೆ ಆಟದ ಒಳಗೆ ಸ್ವಲ್ಪ ಇಳಿಯಬೇಕು.

ಹಾಕಿಯಲ್ಲಿ, ನಾವು ಕಾಲ್ಚೆಂಡು ಅನ್ನುವ ಫುಟ್ಬಾಲಿನಲ್ಲಿ, ಆಟ ಹರಿಯುತ್ತಲೇ ಇರುತ್ತದೆ. ಹೊರಗಿನವನು ಎಷ್ಟು ಅರಚಿದರೂ ಒಳಗಿನವನಿಗೆ ಅರ್ಧವೂ ಮುಟ್ಟುವುದಿಲ್ಲ. ಕಬಡ್ಡಿ ಹಾಗಲ್ಲ. ಒಂದು ರೈಡಿಗೆ 30 ಸೆಕೆಂಡು. ಮುಗಿದ ಕೂಡಲೇ ಎಲ್ಲರೂ ಮತ್ತೆ ತಮ್ಮ ತಮ್ಮ ಜಾಗಕ್ಕೆ. ಬಲ ಕಾರ್ನರ್, ಎಡ ಕಾರ್ನರ್, ಎರಡು ಕವರ್, ಎರಡು ಇನ್, ನಡುವೆ ಒಬ್ಬ. 40 ನಿಮಿಷದ ಆಟದಲ್ಲಿ ಈ ಏಳು ಜನ ಹತ್ತಾರು ಸಲ ಹೊಸದಾಗಿ ನಿಂತುಕೊಳ್ಳಬೇಕು. ಪ್ರತಿ ಸಲವೂ ಒಂದು ಲೆಕ್ಕ. ನಮ್ಮ ಕಡೆ ಆರು ಅಥವಾ ಏಳು ಜನರಿದ್ದರೆ ಬಂದವನಿಗೆ ಬೋನಸ್ ಸಿಗುತ್ತದೆ, ಅದನ್ನು ಬಿಟ್ಟುಕೊಡುವುದೋ ಬೇಡವೋ? ಮೂವರೇ ಉಳಿದಿದ್ದೇವೆ ಅಂದರೆ ಹಿಡಿದರೆ ಸೂಪರ್ ಟ್ಯಾಕಲ್, ಒಂದಕ್ಕೆ ಎರಡು ಅಂಕ. ಹಿಡಿಯಲು ಹೋಗಿ ಜಾರಿದರೆ ಆಲ್‌ಔಟ್, ಎದುರಿನವರಿಗೆ ಇನ್ನೆರಡು. ಎರಡು ರೈಡು ಬರಿಗೈಯಲ್ಲಿ ವಾಪಸ್ ಬಂದರೆ ಮೂರನೆಯದು ಮಾಡು ಇಲ್ಲವೇ ಮಡಿ. ಮುಂದಿರುವ ತಂಡ ಬೇಕೆಂದೇ ಎರಡು ರೈಡು ಖಾಲಿ ಬಿಟ್ಟು ಹೊತ್ತು ಕಳೆಯುತ್ತದೆ. ನೋಡುವವರಿಗೆ ಬೇಜಾರು. ಆದರೆ ಆ ಬೇಜಾರಿನ ಹಿಂದೆ ಒಂದು ಯೋಜನೆ ಇರುತ್ತದೆ.

ಹೀಗೆ ನಿಂತು ನಿಂತು ಸಾಗುವ ಆಟದಲ್ಲಿ ಹೊರಗಿನವನ ತಲೆಗೆ ಬೆಲೆ ಬರುತ್ತದೆ. ಎದುರಾಳಿ ರೈಡರ್ ಯಾವ ಕಾಲು ಮುಂದಿಟ್ಟು ಬರುತ್ತಾನೆ, ಯಾವ ಕಡೆ ತಿರುಗುತ್ತಾನೆ, ಡುಬ್ಕಿ ಹೊಡೆಯುವ ಮುಂಚೆ ಭುಜ ಎಷ್ಟು ತಗ್ಗಿಸುತ್ತಾನೆ, ದಣಿದಾಗ ಮೊದಲು ಬಿಡುವುದೇನು, ಇದನ್ನೆಲ್ಲ ವಿಡಿಯೋ ಹಾಕಿ ನೋಡಿ ಬರೆದಿಟ್ಟುಕೊಂಡು, ಬರೆದದ್ದನ್ನು ಏಳು ಜನರ ಮೈಗೆ ಇಳಿಸಬೇಕು. ಮೈಗೆ ಇಳಿಸುವುದು ಅಂದರೆ ಹೇಳಿ ಕಳಿಸುವುದಲ್ಲ. ಬಲ ಕಾರ್ನರಿನವನು ಪಾದ ಹಿಡಿದ ಕ್ಷಣಕ್ಕೆ ಕವರಿನವನು ನೋಡದೆಯೇ ಅಲ್ಲಿಗೆ ಬಂದಿರಬೇಕು. ಅದು ಬೆಳಗ್ಗೆ ಸಂಜೆ ಅದೇ ಅದೇ ಮಾಡಿಸಿ, ಎಲ್ಲರಿಗೂ ಬೇಸರ ಬರಿಸಿ, ಆಮೇಲೂ ಮಾಡಿಸಿದರೆ ಬರುವಂಥದ್ದು.

ಇದೇ ಸ್ವಭಾವದ ಇನ್ನೊಂದು ಆಟ ಅಮೆರಿಕದಲ್ಲಿದೆ. ಅವರು ಅದನ್ನೂ ಫುಟ್ಬಾಲ್ ಅಂತಲೇ ಕರೆಯುತ್ತಾರೆ. ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುವುದು, ಎಸೆಯುವುದು. ಹನ್ನೊಂದು ಜನ, ತಲೆಗೆ ಶಿರಸ್ತ್ರಾಣ, ಭುಜಕ್ಕೆ ಕವಚ. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದಕ್ಕೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಪ್ರಯತ್ನ. ಪ್ರತಿ ಪ್ರಯತ್ನಕ್ಕೂ ಆಟ ನಿಲ್ಲುತ್ತದೆ, ಪ್ರತಿ ಸಲವೂ ಹೊಸ ವ್ಯೂಹ. ಅದಕ್ಕೇ ಅಲ್ಲಿ ಕೋಚ್ ಅಂದರೆ ಊರಿಗೆ ದೊಡ್ಡವನು. ನಮ್ಮ ನೆರೆಯ ಗೊರೂರಿನವರಾದ ರಾಮಸ್ವಾಮಿ ಅಯ್ಯಂಗಾರ್ಯರು ಇಳಿವಯಸ್ಸಿನಲ್ಲಿ ಅಮೆರಿಕ ಸುತ್ತಿ ಬಂದು ಬರೆದ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೇಮಾವತಿ ದಂಡೆಯ ಕಣ್ಣಿಗೆ ಅಮೆರಿಕ ಹೇಗೆ ಕಾಣುತ್ತದೆ ಅನ್ನುವ ಕುತೂಹಲ ನಮ್ಮ ಜಿಲ್ಲೆಗೆ ಹೊಸದೇನಲ್ಲ, ಹಾಗಾಗಿ ನಾನೂ ಸ್ವಲ್ಪ ಅಲ್ಲಿಗೆ ಹೋಗಿಬರುತ್ತೇನೆ.

ವಿನ್ಸ್ ಲೊಂಬಾರ್ಡಿ ಅಂತ ಒಬ್ಬರಿದ್ದರು, 1913ರಲ್ಲಿ ಹುಟ್ಟಿದವರು. ನ್ಯೂಜೆರ್ಸಿಯ ಒಂದು ಹೈಸ್ಕೂಲಿನಲ್ಲಿ ಲ್ಯಾಟಿನ್, ಭೌತಶಾಸ್ತ್ರ, ರಸಾಯನಶಾಸ್ತ್ರ ಪಾಠ ಮಾಡುತ್ತಾ ಜೊತೆಗೆ ಮಕ್ಕಳಿಗೆ ಆಟ ಕಲಿಸುತ್ತಿದ್ದ ಮೇಷ್ಟ್ರು. ಅಲ್ಲಿಂದ ಕಾಲೇಜು, ಸೈನಿಕ ಅಕಾಡೆಮಿ, ನ್ಯೂಯಾರ್ಕಿನ ವೃತ್ತಿಪರ ತಂಡ, ಹೀಗೆ ಬಹಳ ವರ್ಷ ಬೇರೆಯವರ ಕೈಕೆಳಗೆ ಸಹಾಯಕನಾಗಿದ್ದರು. ಮುಖ್ಯ ಕೋಚ್ ಆಗಿ ಕರೆ ಬಂದಾಗ ವಯಸ್ಸು 45. ಕರೆದ ಊರು ಗ್ರೀನ್ ಬೇ, ನಮ್ಮ ಹಾಸನ ನಗರಕ್ಕಿಂತ ಚಿಕ್ಕದು. ತಂಡ ಯಾವ ಧಣಿಯದ್ದೂ ಅಲ್ಲ. ಜನರೇ ಷೇರು ಹಾಕಿ ನಡೆಸುವಂಥದ್ದು, ಇವತ್ತಿಗೂ ಹಾಗೇ. 1958ರಲ್ಲಿ ಆ ತಂಡ 12 ಪಂದ್ಯದಲ್ಲಿ ಗೆದ್ದದ್ದು ಒಂದೇ ಒಂದು. ಲೊಂಬಾರ್ಡಿ ಹೋದ ಮೊದಲ ವರ್ಷವೇ ಏಳು ಗೆದ್ದರು. ಮುಂದೆ 1961ರಿಂದ 1967ರ ನಡುವೆ ಐದು ಸಲ ರಾಷ್ಟ್ರೀಯ ಲೀಗಿನ ಚಾಂಪಿಯನ್ನರಾದರು. ಈಗ ಅಲ್ಲಿನ ಸೂಪರ್ ಬೌಲ್ ಫೈನಲ್ ಗೆದ್ದವರಿಗೆ ಕೊಡುವ ಟ್ರೋಫಿಗೆ ಅವರದೇ ಹೆಸರು. ಅವರ ವಿಶೇಷ ಏನೆಂದರೆ ಪಟ್ಟುಗಳು ಕಡಿಮೆ, ಕಲಿಕೆ ಹೆಚ್ಚು. ಒಂದೇ ಒಂದು ಪಟ್ಟಿನ ಬಗ್ಗೆ ಎಂಟು ಗಂಟೆ ಪಾಠ ಮಾಡಿದ್ದನ್ನು ಕೇಳಿ ಬೆರಗಾದೆ ಅಂತ, ಆಮೇಲೆ ತಾನೂ ದೊಡ್ಡ ಕೋಚ್ ಆದ ಜಾನ್ ಮ್ಯಾಡನ್ ಹೇಳಿಕೊಳ್ಳುತ್ತಿದ್ದರು.

ಅಲ್ಲಿಂದ ಮತ್ತೆ ನಮ್ಮ ಮ್ಯಾಟಿಗೆ ಬರೋಣ.

ನಮ್ಮಲ್ಲಿ ಕಬಡ್ಡಿ ಕೋಚ್ ಆಗುವ ದಾರಿ ಇಂಥದ್ದು: ಊರಿನಲ್ಲಿ ಆಡಿ, ಜಿಲ್ಲೆಗೆ ಆಡಿ, ರಾಜ್ಯಕ್ಕೆ ಆಡಿ, ಅದರ ಬಲದ ಮೇಲೆ ಬ್ಯಾಂಕೋ ಪೊಲೀಸೋ ರೈಲ್ವೆಯೋ ಒಂದು ಕೆಲಸ ಹಿಡಿಯುವುದು. ಅಲ್ಲಿಯ ತಂಡಕ್ಕೆ ಆಡುವುದು. ಮೊಣಕಾಲು ಮಾತು ಕೇಳದೆ ಹೋದಾಗ ಶಿಳ್ಳೆ ಕೈಗೆ ತೆಗೆದುಕೊಳ್ಳುವುದು. ಓದುವ ಮನಸ್ಸಿದ್ದವರು 1961ರಲ್ಲಿ ಪಟಿಯಾಲದಲ್ಲಿ ಶುರುವಾದ ಎನ್.ಐ.ಎಸ್. ಸಂಸ್ಥೆಯ ಡಿಪ್ಲೊಮಾ ಮಾಡಿಕೊಳ್ಳುತ್ತಾರೆ. 2014ಕ್ಕೆ ಮುಂಚೆ ಇಷ್ಟೇ. ಹೆಸರಿಲ್ಲ, ಹಣವಂತೂ ಕೇಳಲೇಬೇಡಿ. ಏಷ್ಯಾಡ್‌ನಲ್ಲಿ 1990ರಿಂದ ಭಾರತಕ್ಕೆ ಚಿನ್ನದ ಮೇಲೆ ಚಿನ್ನ ಬರುತ್ತಿತ್ತು. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತಿತ್ತು. 2014ರಲ್ಲಿ ಪ್ರೊ ಕಬಡ್ಡಿ ಬಂತು, ಆಟಗಾರರ ಹರಾಜು ಬಂತು, 2018ರ ಹರಾಜಿನಲ್ಲಿ ಕೋಟಿ ದಾಟಿದವರೂ ಬಂದರು.

ಬಿ.ಸಿ. ರಮೇಶ್ ಹಳೆಯ ಕಾಲದಲ್ಲಿ ಆಡಿದವರು. ಕರ್ನಾಟಕಕ್ಕೆ, ಭಾರತಕ್ಕೆ ಆಡಿ ಅರ್ಜುನ ಪ್ರಶಸ್ತಿ ಪಡೆದವರು. ಅವರ ಆಸುಪಾಸಿನಲ್ಲೇ ನಮ್ಮ ರಾಜ್ಯದ ಸಿ. ಹೊನ್ನಪ್ಪ ಅವರಿಗೂ ಅದೇ ಪ್ರಶಸ್ತಿ ಬಂದಿತ್ತು. ಕರ್ನಾಟಕದ ಕಬಡ್ಡಿಗೆ ಅದೊಂದು ಫಸಲಿನ ಕಾಲ. ಪ್ರೊ ಕಬಡ್ಡಿಯ ಆರನೇ ಸೀಸನ್ನಿನಲ್ಲಿ ಬೆಂಗಳೂರು ಬುಲ್ಸ್ ಕಪ್ಪು ಗೆದ್ದದ್ದು ನಿಮಗೆ ನೆನಪಿರಬೇಕು. 2019ರ ಜನವರಿ 5, ಮುಂಬೈ, ಎದುರಿಗೆ ಗುಜರಾತ್, 38–33. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದು ಊರೆಲ್ಲ ಪವನ್, ಪವನ್ ಅಂತಾಯಿತು. ಆ ತಂಡದ ಮುಖ್ಯ ಹೊಣೆ ಮೊದಲಿನಿಂದಲೂ ರಣಧೀರ್ ಸಿಂಗ್ ಅವರದು. ರಮೇಶ್ ಆಗ ರಣಧೀರ್ ಬಳಗದಲ್ಲಿದ್ದರು.

ಆ ವರ್ಷವೇ ರಮೇಶ್ ಕೋಲ್ಕತ್ತೆಯ ತಂಡಕ್ಕೆ ಹೋದರು. ಅಲ್ಲಿ ಅವರಿಗಿಂತ ಮುಂಚೆ ಇದ್ದ ಕೋಚ್ ಕೂಡ ನಮ್ಮವರೇ, ಕಾಸರಗೋಡಿನ ಜಗದೀಶ್ ಕುಂಬಳೆ. ಬಂಗಾಳದ ತಂಡವನ್ನು ಒಬ್ಬ ಕನ್ನಡಿಗ ಇನ್ನೊಬ್ಬ ಕನ್ನಡಿಗನ ಕೈಗಿಟ್ಟು ಹೋದ ಹಾಗಾಯಿತು. ರಮೇಶ್ ಅಲ್ಲಿಗೆ ಹೋದ ವರ್ಷವೇ ಅಹಮದಾಬಾದಿನ ಆ ಫೈನಲ್. ಮಣಿಂದರ್ ಇಲ್ಲದಾಗ ಏನು ಮಾಡುವುದು ಅನ್ನುವ ಪ್ರಶ್ನೆಗೆ ಉತ್ತರವನ್ನು ಫೈನಲ್ಲಿನ ದಿನ ಹುಡುಕಿದ್ದರೆ ಸಿಗುತ್ತಿರಲಿಲ್ಲ. ನಬಿಬಕ್ಷ್ ಹಿಡಿಯುವುದರಲ್ಲೂ ಓಡುವುದರಲ್ಲೂ ಸೈ, ಸುಕೇಶ್ ನಿಧಾನದ ಅನುಭವಿ. ಇವರನ್ನು ಸೀಸನ್ನಿನ ಉದ್ದಕ್ಕೂ ಬರೀ ಮಣಿಂದರನ ಬೆನ್ನಿಗೆ ನಿಲ್ಲಿಸದೆ ಕೆಲಸ ಕೊಟ್ಟು ಕೊಟ್ಟು ಬೆಳೆಸಿದ್ದರು. ನನ್ನ ದೃಷ್ಟಿಯಲ್ಲಿ ರಮೇಶ್ ಅವರ ಕಸುಬಿನ ತಿರುಳೇ ಇದು. ದೊಡ್ಡ ಆಟಗಾರ ಇದ್ದಾಗ ಎಲ್ಲರೂ ಗೆಲ್ಲುತ್ತಾರೆ. ಅವನು ಕುಂಟುತ್ತಾ ಹೊರಗೆ ಬಂದ ದಿನ ತಂಡ ಏನಾಗಿರುತ್ತದೆ ಅನ್ನುವುದರಲ್ಲಿ ಕೋಚ್ ಕಾಣುತ್ತಾನೆ.

ಆಮೇಲಿನದೆಲ್ಲ ಏರು ದಾರಿಯೇನಲ್ಲ. ಕೊರೊನಾ ಬಂತು, ಒಂದು ವರ್ಷ ಲೀಗೇ ಇಲ್ಲ. ಮುಂದಿನ ಸೀಸನ್ನು ಬೆಂಗಳೂರಿನ ವೈಟ್‌ಫೀಲ್ಡಿನ ಒಂದೇ ಹೋಟೆಲಿನೊಳಗೆ, ಪ್ರೇಕ್ಷಕರಿಲ್ಲದೆ ನಡೆಯಿತು. ಅದರಲ್ಲಿ ಹಾಲಿ ಚಾಂಪಿಯನ್ನರಾದ ಬೆಂಗಾಲ್ ಪ್ಲೇಆಫನ್ನೂ ಮುಟ್ಟಲಿಲ್ಲ. ರಮೇಶ್ ಪುಣೆಗೆ ಬಂದರು. ಪುಣೇರಿ ಪಲ್ಟನ್ ಅಲ್ಲಿಯವರೆಗೆ ಒಮ್ಮೆಯೂ ಫೈನಲ್ ಕಂಡ ತಂಡವಲ್ಲ. 2022ರ ಡಿಸೆಂಬರಿನಲ್ಲಿ ಕಂಡಿತು, ಜೈಪುರದ ಎದುರು 33–29ರಲ್ಲಿ ಸೋತಿತು. ಅಲ್ಲೂ ಮುಖ್ಯ ರೈಡರುಗಳು ಗಾಯಗೊಂಡಿದ್ದರು, ಆದರೆ ಅವತ್ತು ಅಹಮದಾಬಾದಿನ ಹಾಗೆ ಆಗಲಿಲ್ಲ. ಪ್ರತಿ ಸಲವೂ ಆಗುತ್ತದೆ ಅಂತ ಯಾರಾದರೂ ಹೇಳಿದರೆ ಅವರು ಕಬಡ್ಡಿ ನೋಡಿಲ್ಲ ಅಂತ ಅರ್ಥ.

ಹತ್ತನೇ ಸೀಸನ್ನಿಗೆ ಬನ್ನಿ. ಇಲ್ಲಿ ನಮ್ಮ ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ ಬಲ್ಲವರಿಗೆ ಒಂದು ಮಾತು ಬೇಗ ಅರ್ಥವಾಗುತ್ತದೆ. ಬೇಲಿನ ಮೇಲೆ ಕೂಗಿದ ಬೆಲೆ ಆ ದಿನದ್ದು, ಯಾರಿಗೆ ಎಷ್ಟು ಬೇಕಾಗಿತ್ತು ಅನ್ನುವುದರದ್ದು. ಸೊಪ್ಪಿನ ಗುಣ ಬೆಳೆದವನಿಗೂ ಬ್ಯಾರನ್ನಿನಲ್ಲಿ ಹದ ಮಾಡಿದವನಿಗೂ ಗೊತ್ತು. ಆ ವರ್ಷದ ಆಟಗಾರರ ಹರಾಜಿನಲ್ಲಿ ಪವನ್ ಸೆಹ್ರಾವತ್ ಅವರಿಗೆ ತೆಲುಗು ಟೈಟನ್ಸ್ ಕೊಟ್ಟದ್ದು 2 ಕೋಟಿ 60 ಲಕ್ಷಕ್ಕೂ ಮೇಲೆ. ಆ ಸೀಸನ್ನಿನಲ್ಲಿ ಟೈಟನ್ಸ್ ಗೆದ್ದದ್ದು 22ರಲ್ಲಿ ಎರಡು ಪಂದ್ಯ, ಪಟ್ಟಿಯಲ್ಲಿ ಕೊನೆಯ ಸ್ಥಾನ. ಪವನ್ ಆಟ ಕೆಟ್ಟಿತ್ತು ಅಂತಲ್ಲ, ಪವನ್ ಸುತ್ತ ಉಳಿದ ಆರು ಜನ ತಂಡವಾಗಲಿಲ್ಲ.

ಅದೇ ಸೀಸನ್ನಿನಲ್ಲಿ ಪುಣೇರಿ ಲೀಗಿನ ಅಗ್ರಸ್ಥಾನದಲ್ಲಿತ್ತು. ಅಸ್ಲಂ ಇನಾಮ್‌ದಾರ್ ನಾಯಕ, ಜೊತೆಗೆ ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಆಕಾಶ್ ಶಿಂಧೆ, ಹಿಡಿಯುವವರಲ್ಲಿ ಅಭಿನೇಶ್ ನಟರಾಜನ್, ಗೌರವ್ ಖತ್ರಿ, ಸಂಕೇತ್ ಸಾವಂತ್. ಬಹುಪಾಲು ಎಳೆಯ ಹುಡುಗರು. ಅಸ್ಲಂ ಸಿಕ್ಕಿಬಿದ್ದರೆ ಮೋಹಿತ್, ಮೋಹಿತ್ ಔಟಾದರೆ ಪಂಕಜ್. ಎದುರಾಳಿ ಕೋಚ್‌ಗೆ ಯಾರನ್ನು ಕಟ್ಟಿಹಾಕಬೇಕು ಅಂತಲೇ ತಿಳಿಯದ ಹಾಗೆ ಹಂಚಿಟ್ಟಿದ್ದರು ರಮೇಶ್. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ 28–25. ಅಂಕ ಕಡಿಮೆ, ಉಸಿರು ಬಿಗಿ ಹಿಡಿದು ನೋಡಬೇಕಾದ ಪಂದ್ಯ. ಕಪ್ಪು ಮೊದಲ ಸಲ ಪುಣೆಗೆ.

ಇಲ್ಲಿ ಒಂದು ತಕರಾರು ಬರಬೇಕು, ಬರದಿದ್ದರೆ ನಾನೇ ಎತ್ತುತ್ತೇನೆ. ಪುಣೇರಿಯೇನು ಬರೀ ಹುಡುಗರಿಂದ ಗೆದ್ದಿತೇ? ಅದೇ ಹರಾಜಿನಲ್ಲಿ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂ ಅವರನ್ನು 2 ಕೋಟಿ 35 ಲಕ್ಷ ಕೊಟ್ಟು ತಂದಿತ್ತಲ್ಲ. ಆ ವರ್ಷ ಹಿಡಿತದಲ್ಲಿ ಎಲ್ಲರಿಗಿಂತ ಹೆಚ್ಚು, 99 ಅಂಕ ಅವರದು. ಮುಂದಿನ ವರ್ಷ ಶಾದ್ಲೂ ಹರಿಯಾಣಕ್ಕೆ ಹೋದರು, ಹರಿಯಾಣ ಕಪ್ಪು ಗೆದ್ದಿತು. ಪುಣೇರಿಯಲ್ಲಿ ಅಸ್ಲಂ ಗಾಯಗೊಂಡರು, ತಂಡ ಪ್ಲೇಆಫಿಗೂ ಬರಲಿಲ್ಲ. ಹಾಗಾದರೆ ಕಪ್ಪು ಕೋಚಿನ ಹಿಂದೆ ಹೋಗುತ್ತದೋ ಶಾದ್ಲೂ ಹಿಂದೆಯೋ? ಆ ವರ್ಷ ನಾನೂ ಶಾದ್ಲೂ ಕಡೆಗೇ ವಾಲಿದ್ದೆ. 2025ರಲ್ಲಿ ಅದೇ ಶಾದ್ಲೂ ಎರಡು ಕೋಟಿಗೂ ಮೀರಿದ ಬೆಲೆಗೆ ಗುಜರಾತಿಗೆ ಹೋದರು. ಗುಜರಾತ್ ಪ್ಲೇಆಫ್ ಮುಟ್ಟಲಿಲ್ಲ. ಶಾದ್ಲೂ ಅಂಥವರು ಸಿಕ್ಕರೆ ಯಾವ ಕೋಚ್ ಬೇಡ ಅನ್ನುತ್ತಾನೆ? ಸಿಕ್ಕವರ ಸುತ್ತ ಏನು ಕಟ್ಟಿದರು ಅನ್ನುವುದನ್ನು ಬೇರೆಯಾಗಿ ನೋಡಬೇಕು.

ಹರಿಯಾಣದ ಮಾತು ಬಂತಲ್ಲ, ಅಲ್ಲಿನ ಕೋಚ್ ಮನ್‌ಪ್ರೀತ್ ಸಿಂಗ್ ಕತೆ ಹೇಳದೆ ಮುಂದಕ್ಕೆ ಹೋಗಲಾರೆ. 2016ರಲ್ಲಿ ನಾಯಕನಾಗಿ ಪಟ್ನಾಕ್ಕೆ ಕಪ್ಪು ಗೆದ್ದುಕೊಟ್ಟವರು. ಕೋಚ್ ಆದ ಮೇಲೆ 2017ರಲ್ಲಿ ಗುಜರಾತನ್ನು ಫೈನಲ್ಲಿಗೆ ತಂದರು, ಸೋತರು. ಮರುವರ್ಷ ಮತ್ತೆ ತಂದರು, ನಮ್ಮ ಬುಲ್ಸ್ ಎದುರು ಸೋತರು. ಹರಿಯಾಣಕ್ಕೆ ಹೋಗಿ ಅದನ್ನೂ ಫೈನಲ್ಲಿಗೆ ತಂದರು, ಪುಣೇರಿಗೆ ಸೋತರು. ಮೂರು ಫೈನಲ್, ಮೂರೂ ಸೋಲು, ಅದರಲ್ಲಿ ಎರಡರಲ್ಲಿ ಎದುರು ಪಾಳೆಯದಲ್ಲಿ ರಮೇಶ್. ನಾಲ್ಕನೆಯದನ್ನು 2024ರ ಡಿಸೆಂಬರ್ 29ರಂದು ಪುಣೆಯಲ್ಲಿ ಗೆದ್ದರು, ಪಟ್ನಾ ಮೇಲೆ 32–23. ಅಷ್ಟು ಹೊತ್ತಿಗೆ ಯಾರಾದರೂ ಮಾಲೀಕರು ಸಾಕಪ್ಪಾ ಇವರು ಅಂದಿದ್ದರೆ? ಅಮೆರಿಕದಲ್ಲಿ ಬಿಲ್ ಬೆಲಿಚಿಕ್ ಎಂಬುವರನ್ನು ಕ್ಲೀವ್‌ಲ್ಯಾಂಡಿನ ತಂಡ 1996ರಲ್ಲಿ ಹಾಗೇ ಅಂದು ಮನೆಗೆ ಕಳಿಸಿತ್ತು. 2000ದಲ್ಲಿ ನ್ಯೂ ಇಂಗ್ಲೆಂಡ್ ತಂಡ ಕೈಹಿಡಿಯಿತು. ಅಲ್ಲಿ ಅವರು ಆರು ಸೂಪರ್ ಬೌಲ್ ಗೆದ್ದರು, ಮುಖ್ಯ ಆಟಗಾರ ಟಾಮ್ ಬ್ರೇಡಿ ಬಿಟ್ಟು ಹೋದ ಮೇಲೆ ಮತ್ತೆ ಸೋಲು ಹೆಚ್ಚಾಗಿ 2024ರ ಜನವರಿಯಲ್ಲಿ ಹೊರಬಂದರು. ಆಟಗಾರನಿಗಾದರೆ ಗಾಯದ ನೆಪವಾದರೂ ಇರುತ್ತದೆ. ಕೋಚಿನ ಕೆಲಸಕ್ಕೆ ಪ್ರತಿ ವರ್ಷ ಅಂಕಪಟ್ಟಿಯೇ ನೋಟಿಸು.

ಬೆಂಗಳೂರು ಬುಲ್ಸಿನ ವಿಷಯ ನಮಗೆ ಹತ್ತಿರದ್ದು, ಅದಕ್ಕೆ ಸ್ವಲ್ಪ ಸಂಕಟದಿಂದಲೇ ಹೇಳುತ್ತೇನೆ. ಹನ್ನೊಂದನೇ ಸೀಸನ್ನಿನಲ್ಲಿ ನಮ್ಮ ತಂಡ ಗೆದ್ದದ್ದು 22ರಲ್ಲಿ ಎರಡು. ಕೊನೆಯ ಸ್ಥಾನ. ಹಿಂದೆ ಕಂಠೀರವ ಕ್ರೀಡಾಂಗಣದಲ್ಲಿ ಕೂಗಿ ಗಂಟಲು ಹರಿದುಕೊಂಡವರು ತಲೆ ತಗ್ಗಿಸಿದರು. ರಣಧೀರ್ ಸಿಂಗ್ ಅವರ ದೀರ್ಘ ಕಾಲ ಅಲ್ಲಿಗೆ ಮುಗಿಯಿತು. 2025ರಲ್ಲಿ ರಮೇಶ್ ಮನೆಗೆ ಮರಳಿದರು, ಈ ಸಲ ಮುಖ್ಯ ಕೋಚ್ ಆಗಿ. ಆ ಸೀಸನ್ನಿನಲ್ಲಿ ಬುಲ್ಸಿನ ಮೊದಲ ಪಂದ್ಯ ಯಾರ ಮೇಲೆ ಬಿತ್ತು ಗೊತ್ತೇ? ತಾವೇ ಹದ ಮಾಡಿ ಬಿಟ್ಟು ಬಂದ ಪುಣೇರಿ ಮೇಲೆ. 32–32 ಸಮ. ಲೀಗ್ ಹಂತದಲ್ಲಿ ಮೊದಲ ಸಲ ಟೈಬ್ರೇಕರ್ ನಡೆದು ಪುಣೇರಿ ಗೆದ್ದಿತು. ಹುಡುಗರು ಚೆನ್ನಾಗಿ ಕಲಿತಿದ್ದರು, ಏನು ಮಾಡುವುದು! ಬುಲ್ಸ್ ಮೊದಲ ಮೂರು ಪಂದ್ಯವನ್ನೂ ಸೋತಿತು. ಅಲ್ಲಿಂದ ಎದ್ದು ಪ್ಲೇಆಫ್ ಹಂತಕ್ಕೆ ಬಂತು. ಅಲಿರೆಜಾ ಮಿರ್ಜಾಯನ್ ಎಂಬ ಇರಾನಿನ ಹುಡುಗ ಆ ತಂಡದ ಮುಖ್ಯ ರೈಡರ್ ಆಗಿ ಬೆಳೆದ. ಕಪ್ಪು ಬರಲಿಲ್ಲ. ಹಿಂದಿನ ವರ್ಷದ ಎರಡು ಗೆಲುವು ನೆನೆಸಿಕೊಂಡರೆ, ಇದನ್ನು ನಾನು ಅವರ ದೊಡ್ಡ ಕೆಲಸಗಳಲ್ಲೇ ಸೇರಿಸುತ್ತೇನೆ.

ಇರಾನಿನ ಹೆಸರು ಪದೇ ಪದೇ ಬರುತ್ತಿದೆ. ಅದಕ್ಕೂ ಕೋಚುಗಳೇ ಕಾರಣ. 2018ರ ಜಕಾರ್ತಾ ಏಷ್ಯಾಡ್‌ನಲ್ಲಿ ಭಾರತದ ಗಂಡಸರ ತಂಡ ಸೆಮಿಫೈನಲ್ಲಿನಲ್ಲಿ ಇರಾನಿಗೆ ಸೋತಿತು, ಹೆಂಗಸರ ತಂಡ ಫೈನಲ್ಲಿನಲ್ಲಿ ಇರಾನಿಗೇ ಸೋತಿತು, 27–24. ಆ ಇರಾನಿ ಹೆಣ್ಣುಮಕ್ಕಳಿಗೆ ಕಲಿಸಿದವರು ನಾಸಿಕದ ಶೈಲಜಾ ಜೈನ್. ಅಲ್ಲಿಗೆ ಹೋಗಿ, ಅಲ್ಲಿಯ ಭಾಷೆ ಒಂದಿಷ್ಟು ಕಲಿತು, ಅಭ್ಯಾಸಕ್ಕೆ ಯೋಗ ಪ್ರಾಣಾಯಾಮ ಸೇರಿಸಿ ತಂಡ ಕಟ್ಟಿದ್ದರು. ಚಿನ್ನ ಕೈತಪ್ಪಿದ ಆ ದಿನ ನಮ್ಮಲ್ಲಿ ಬಹಳ ಜನ ಅವರನ್ನು ಬೈದರು. ನನಗೆ ಹಾಗನ್ನಿಸಲಿಲ್ಲ. ಕಲಿಸುವವರು ಕಲಿಯುವವರು ಇರುವಲ್ಲಿಗೆ ಹೋಗುತ್ತಾರೆ.

ನಮ್ಮ ರಾಜ್ಯದ ತೇಜಸ್ವಿನಿ ಬಾಯಿ 2010 ಮತ್ತು 2014ರ ಏಷ್ಯಾಡ್ ಚಿನ್ನದ ತಂಡದಲ್ಲಿದ್ದವರು, 2011ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. 2025ರ ನವೆಂಬರಿನಲ್ಲಿ ಢಾಕಾದಲ್ಲಿ ಭಾರತದ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದಾಗ ಕೋಚ್ ಆಗಿ ಇದ್ದವರು ಅವರು. ಎಷ್ಟು ಜನರಿಗೆ ಗೊತ್ತು? ಅದೇ ತಿಂಗಳು ಕ್ರಿಕೆಟ್ಟಿನ ವಿಶ್ವಕಪ್ ಗೆದ್ದ ಹೆಣ್ಣುಮಕ್ಕಳ ಹೆಸರು ನಮ್ಮ ಕೇರಿಯ ಮಕ್ಕಳೆಲ್ಲ ಹೇಳುತ್ತಾರೆ, ಸಂತೋಷವೇ. ಕಬಡ್ಡಿಯವರ ಹೆಸರೂ ನಾಲ್ಕು ಹೇಳಲಿ.

ಈಗ ನಮ್ಮ ತಾಲ್ಲೂಕಿನ ಮಾತು. ಇಲ್ಲಿಯ ಹುಡುಗರಲ್ಲಿ ಕಸುವು ಕಡಿಮೆಯಿಲ್ಲ. ಗದ್ದೆ ಕೆಲಸ, ಆಲೂಗೆಡ್ಡೆ ಮೂಟೆ ಹೊತ್ತ ಭುಜ. ಅವರಿಗೆ ಅಡ್ಡಿಯಾಗುವುದು ಎರಡು ಮೂರು ಸಣ್ಣ ಸಂಗತಿಗಳು. ಒಂದು, ಮ್ಯಾಟು. ಮಣ್ಣಿನಲ್ಲಿ ಬರಿಗಾಲಿನ ಬೆರಳು ನೆಲ ಹಿಡಿಯುತ್ತದೆ. ಮ್ಯಾಟಿನಲ್ಲಿ ಷೂ ಹಾಕಿ ಆಡಬೇಕು, ತಿರುಗುವ ರೀತಿಯೇ ಬೇರೆ, ಜಾರುವ ರೀತಿಯೂ ಬೇರೆ. ಊರಿನಲ್ಲಿ ಹುಲಿಯಾದವನು ಆಯ್ಕೆ ಶಿಬಿರಕ್ಕೆ ಹೋಗಿ ಮೊದಲ ಸಲ ಮ್ಯಾಟ್ ಮೇಲೆ ಕಾಲಿಟ್ಟು ತಡವರಿಸಿ ವಾಪಸ್ ಬರುತ್ತಾನೆ. ಎರಡು, ತೂಕ. ಅಮೆರಿಕದ ಆ ಫುಟ್ಬಾಲಿನಲ್ಲಿ ಮುಂದಿನ ಸಾಲಿನವರು 300 ಪೌಂಡು, ಅಂದರೆ 136 ಕಿಲೋ ಮೀರಿದವರೇ ಹೆಚ್ಚು. ಕಬಡ್ಡಿಯಲ್ಲಿ ಗಂಡಸರ ಸೀನಿಯರ್ ವಿಭಾಗಕ್ಕೆ 85 ಕಿಲೋ ಮಿತಿ, ಚಿಕ್ಕವರಿಗೆ ಇನ್ನೂ ಕಡಿಮೆ. ಪಂದ್ಯದ ಹಿಂದಿನ ದಿನ ಊಟ ಬಿಟ್ಟು, ಬಿಸಿಲಲ್ಲಿ ಓಡಿ ತೂಕ ಇಳಿಸಿಕೊಂಡು ಬರುವ ಹುಡುಗರಿದ್ದಾರೆ. ತೂಕಕ್ಕೇನೋ ಪಾಸಾಗುತ್ತಾರೆ, ಆಟದಲ್ಲಿ ಕಾಲು ನಡುಗುತ್ತದೆ. ಮುದ್ದೆ ಬಿಡಬೇಕಾಗಿಲ್ಲ, ಯಾವಾಗ ಎಷ್ಟು ಅಂತ ತಿಂಗಳ ಮುಂಚೆ ಹೇಳಿಕೊಡುವವರು ಬೇಕು.

ಹೇಳಿಕೊಡಬೇಕಾದವರು ಯಾರು? ಶಾಲೆಯ ಪಿ.ಟಿ. ಮೇಷ್ಟ್ರು. ಅವರನ್ನೇ ನಾವು ಪ್ರಾರ್ಥನೆ ನಿಲ್ಲಿಸಲು, ರಜೆಯಲ್ಲಿರುವವರ ತರಗತಿ ಕೂರಿಸಲು, ಚುನಾವಣೆ ಕೆಲಸಕ್ಕೆ, ಗಣತಿಗೆ ಬಳಸುತ್ತೇವೆ. ಹೋಬಳಿ ಮಟ್ಟದ ಕ್ರೀಡಾಕೂಟದ ದಿನಾಂಕ ಗೊತ್ತಾದ ಮೇಲೆ ಒಂದು ವಾರ ಮಕ್ಕಳನ್ನು ಅಂಕಣಕ್ಕೆ ಇಳಿಸುತ್ತೇವೆ. ಅಷ್ಟರಲ್ಲೇ ತಾಲ್ಲೂಕು ಮಟ್ಟಕ್ಕೆ ಹೋಗಿಬರುವ ತಂಡಗಳಿವೆ ಅಂದರೆ ಅದು ಆ ಮೇಷ್ಟ್ರ ಹೆಚ್ಚುಗಾರಿಕೆ. ಲೊಂಬಾರ್ಡಿಯೂ ಇಂಥ ಒಂದು ಹೈಸ್ಕೂಲಿನಿಂದಲೇ ಹೊರಟದ್ದು.

ಹೊನಲು ಬೆಳಕಿನ ಪಂದ್ಯ ನಡೆಸುವ ಸಂಘದವರಿಗೆ ನನ್ನದೊಂದು ವಿನಂತಿ ಇದೆ, ಈ ಮೈಕಿನಲ್ಲೇ ಮಾಡಿಬಿಡುತ್ತೇನೆ. ಬಹುಮಾನಕ್ಕೆ ನಗದು ಇಡುತ್ತೀರಿ, ಕೆಲವು ಕಡೆ ಟಗರೂ ಇಡುತ್ತೀರಿ, ಶಾಮಿಯಾನ, ಮೈಕು, ಊಟ ಎಲ್ಲ ಅಚ್ಚುಕಟ್ಟು. ಅದರಲ್ಲಿ ಸ್ವಲ್ಪ ಉಳಿಸಿ ಹೋಬಳಿಗೊಂದು ಮ್ಯಾಟಿನ ಜೋಡಣೆ ಕೊಂಡರೆ ನಾಲ್ಕಾರು ಊರಿನ ಶಾಲೆಗಳು ಹಂಚಿಕೊಂಡು ಬಳಸಬಹುದು. ಬೇಸಿಗೆ ರಜೆಯಲ್ಲಿ ಎರಡು ವಾರ, ರಾಜ್ಯಕ್ಕೋ ವಿಶ್ವವಿದ್ಯಾಲಯಕ್ಕೋ ಆಡಿ ಬಂದವರೊಬ್ಬರನ್ನು ಕರೆಸಿ, ಊಟ ವಸತಿ ಕೊಟ್ಟು, ಗೌರವಧನ ಕೊಟ್ಟು, ಬೆಳಗ್ಗೆ ಆರಕ್ಕೆ ಹುಡುಗರನ್ನೂ ಹುಡುಗಿಯರನ್ನೂ ಅವರ ಕೈಗೆ ಒಪ್ಪಿಸಿ. ಹದಿನೈದು ದಿನಕ್ಕೆ ಚಾಂಪಿಯನ್ ಆಗುವುದಿಲ್ಲ. ಆಂಕಲ್ ಹೋಲ್ಡ್ ಹಾಕುವಾಗ ತಲೆ ಎಲ್ಲಿರಬೇಕು, ಚೈನ್ ಕಟ್ಟಿದಾಗ ಯಾರು ಮೊದಲು ಬಿಡಬೇಕು ಅಂತ ಸರಿಯಾಗಿ ಕಲಿತರೂ ಸಾಕು, ಹಲ್ಲು ಮುರಿದುಕೊಳ್ಳುವುದು ಅರ್ಧ ಕಡಿಮೆಯಾಗುತ್ತದೆ. ಆ ಎರಡು ವಾರ ಗೆರೆಯಾಚೆ ಕೂತ ಅಣ್ಣಂದಿರು ಮಾವಂದಿರು ದಯವಿಟ್ಟು ಸುಮ್ಮನಿರಬೇಕು. ಕಾರ್ಯಕ್ರಮ ಗೊತ್ತುಮಾಡುವಾಗ ಪಿ.ಟಿ. ಮೇಷ್ಟ್ರನ್ನು ಮೊದಲೇ ಕೇಳಿ, ಪರೀಕ್ಷೆಯ ದಿನಾಂಕ ಅವರಿಗೆ ಗೊತ್ತಿರುತ್ತದೆ.